ಮೂರು ತಿಂಗಳಲ್ಲಿ ಮಗನ ವರ್ತನೆ ಸುಧಾರಿಸಬೇಕು ಅಂತ ಶಾಲೆಯಲ್ಲಿ ಬರೆಸಿಕೊಂಡಿದ್ದಾರೆ. ಈಗ ಏನು ಮಾಡಲಿ?

ನಿಮ್ಮ ಮಗ ಎರಡನೇ ಕ್ಲಾಸು. ಕೂತಲ್ಲಿ ಕೂರಲ್ಲ, ಪಕ್ಕದವರ ಪುಸ್ತಕ ಕಿತ್ತು ಎಸೆಯುತ್ತಾನೆ, ಕೆಲವು ಸಲ ತಳ್ಳುತ್ತಾನೆ. 'ವರ್ತನೆ ಸುಧಾರಿಸದಿದ್ದರೆ ಟಿಸಿ' ಅನ್ನೋ ಹಾಳೆಗೆ ನಿಮ್ಮ ಸಹಿ ಹಾಕಿಸಿಕೊಂಡಿದ್ದಾರೆ. ಓದಿ ಸಂಕಟವಾಯಿತು. ನಾನು ಹನ್ನೊಂದು ವರ್ಷದಿಂದ ಸರ್ಕಾರಿ ಶಾಲೆಗಳಲ್ಲಿ ವಿಶೇಷ ಅಗತ್ಯವಿರುವ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಟಿಸಿ ಭಯ ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ನೋಡಿ. ಈ ಕಾಯ್ದೆಯಡಿ ಬರುವ ಶಾಲೆ ಎಂಟನೇ ಕ್ಲಾಸು ಮುಗಿಯುವ ತನಕ ಮಗುವನ್ನು ಹೊರಗೆ ಹಾಕುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಫೇಲ್ ಮಾಡುವ ವಿಷಯ ಬದಲಾಯಿತು, ಇದು ಹಾಗೇ ಉಳಿದಿದೆ. 17ನೇ ಸೆಕ್ಷನ್ ಪ್ರಕಾರ ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ. ಇದನ್ನು ಹಿಡಿದು ಜಗಳಕ್ಕೆ ಹೋಗಿ ಅಂತ ಹೇಳುತ್ತಿಲ್ಲ. ನಾಳೆ ಟೀಚರ್ ಎದುರು ಕೂತಾಗ ನಿಮ್ಮ ಕೈ ನಡುಗಬಾರದು, ಅಷ್ಟೇ.

ಈಗ ಆ ಹಾಳೆಗೆ ಬರೋಣ. 'ವರ್ತನೆ ಸುಧಾರಿಸಬೇಕು' ಅನ್ನೋದು ಗುರಿಯೇ ಅಲ್ಲ. ಟೀಚರ್ ಮನಸ್ಸಿನಲ್ಲಿ ಅದಕ್ಕೊಂದು ಅರ್ಥ, ನಿಮ್ಮ ಮನಸ್ಸಿನಲ್ಲಿ ಇನ್ನೊಂದು. ಮೂರು ತಿಂಗಳಾದ ಮೇಲೆ ಸುಧಾರಿಸಿದ ಅಂತ ನೀವು ಹೇಳುತ್ತೀರಿ, ಇಲ್ಲ ಅಂತ ಅವರು ಹೇಳುತ್ತಾರೆ. ಯಾರು ಸರಿ ಅಂತ ತೀರ್ಮಾನ ಮಾಡೋದು ಹೇಗೆ? ಕ್ಲಾಸಿನ ಎರಡು ಮೂಲೆಯಲ್ಲಿ ಇಬ್ಬರು ಕೂತು ಎಣಿಸಿದರೆ ಇಬ್ಬರಿಗೂ ಒಂದೇ ಲೆಕ್ಕ ಸಿಗಬೇಕು. ಅಂಥದ್ದನ್ನು ಮಾತ್ರ ಬರೆಯಬೇಕು. 'ಗಲಾಟೆ ಮಾಡುತ್ತಾನೆ' ಅನ್ನೋದನ್ನು ಎಣಿಸೋಕಾಗಲ್ಲ. 'ಹೇಳದೆ ಜಾಗ ಬಿಟ್ಟು ಏಳುತ್ತಾನೆ' ಅನ್ನೋದನ್ನು ಎಣಿಸಬಹುದು.

ಇದು ನನಗೂ ಮೊದಲೇ ಗೊತ್ತಿರಲಿಲ್ಲ. ಮೊದಲ ವರ್ಷ ನಾನು ಬರೆದ ಯೋಜನೆಗಳಲ್ಲೆಲ್ಲ 'ಏಕಾಗ್ರತೆ ಹೆಚ್ಚಿಸುವುದು', 'ಶಿಸ್ತು ಬೆಳೆಸುವುದು' ಅಂತಲೇ ಇತ್ತು. ಅದರಿಂದ ಯಾವ ಮಗುವಿಗೂ ಏನೂ ಆಗಲಿಲ್ಲ. ನನಗೆ ಕಲಿಸಿದ್ದು ಮೂರನೇ ಕ್ಲಾಸಿನ ಒಬ್ಬ ಹುಡುಗ. ಇಲ್ಲಿ ಪುಟ್ಟ ಅಂತ ಕರೆಯುತ್ತೇನೆ.

'ಇವನು ಇಡೀ ದಿನ ಎದ್ದು ಓಡಾಡುತ್ತಾನೆ ಮೇಡಂ' ಅಂತ ಅವರ ಟೀಚರ್ ಹೇಳಿದ್ದರು. ಏನೂ ಬದಲಾಯಿಸೋದು ಬೇಡ, ಐದು ದಿನ ಸುಮ್ನೆ ಎಣಿಸೋಣ ಅಂದೆ. ನಲವತ್ತು ಮಕ್ಕಳಿಗೆ ಪಾಠ ಮಾಡುತ್ತಾ ಪೆನ್ನು ಹಿಡಿದು ಗೀಟು ಹಾಕೋದು ಆಗದ ಮಾತು. ಅದಕ್ಕೇ ಮೇಜಿನ ಮೇಲೆ ಎರಡು ಸ್ಟೀಲ್ ಲೋಟ ಇಟ್ಟೆವು, ಒಂದರಲ್ಲಿ ಹುಣಸೆ ಬೀಜ. ಪುಟ್ಟ ಹೇಳದೆ ಎದ್ದಾಗಲೆಲ್ಲ ಒಂದು ಬೀಜ ಈ ಲೋಟದಿಂದ ಆ ಲೋಟಕ್ಕೆ. ಪೀರಿಯಡ್ ಮುಗಿದ ಮೇಲೆ ಎಣಿಸಿ ಬರೆಯೋದು, ಮತ್ತೆ ಸುರಿಯೋದು.

ಐದು ದಿನದ ಲೆಕ್ಕ ನೋಡಿ ಆ ಟೀಚರೇ ಸುಮ್ಮನಾದರು. ಬೋರ್ಡ್ ನೋಡಿ ಬರೆಯುವ ಪೀರಿಯಡ್‌ನಲ್ಲಿ 11, 9, 12, 10, 11. ಮಣಿ, ಕಡ್ಡಿ ಇಟ್ಟು ಲೆಕ್ಕ ಮಾಡುವಾಗ ಒಂದೋ ಎರಡೋ. ಬಿಸಿಯೂಟ ಬಡಿಸುವ ಸಾಲಿನಲ್ಲಿ ಒಂದೂ ಇಲ್ಲ. ಇಡೀ ದಿನದ ತೊಂದರೆ ಅಂದುಕೊಂಡಿದ್ದು ನಲವತ್ತು ನಿಮಿಷದ ತೊಂದರೆಯಾಗಿತ್ತು!

ಆ ನಲವತ್ತು ನಿಮಿಷ ಪುಟ್ಟನ ಪಕ್ಕ ಕೂತೆ. ಕಣ್ಣಿನ ಪರೀಕ್ಷೆ ಆಗಿತ್ತು, ದೃಷ್ಟಿ ಚೆನ್ನಾಗಿಯೇ ಇತ್ತು. ಆದರೆ ಅವನು ಅಕ್ಷರ ಬರೆಯುತ್ತಿರಲಿಲ್ಲ, ನೋಡಿ ನೋಡಿ ಚಿತ್ರದ ಹಾಗೆ ಬಿಡಿಸುತ್ತಿದ್ದ. 'ಕ್ಷ' ಬರೆಯೋಕೆ ನಾಲ್ಕು ಸಲ ತಲೆ ಎತ್ತಿದ. ಅವನ ಒಂದು ಸಾಲು ಮುಗಿಯುವಾಗ ಬೋರ್ಡ್ ಅಳಿಸಿಯಾಗಿತ್ತು. ಆಮೇಲೆ ಎದ್ದ, ಪಕ್ಕದವಳ ಪುಸ್ತಕ ಎಳೆದ. ಟೀಚರ್ ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಅವನಿಗೆ ಬೇಕಾಗಿದ್ದೂ ಅದೇ, ಬರೆಯೋದು ತಪ್ಪಿತಲ್ವಾ. ಶಿಕ್ಷೆ ಅಂತ ನಾವು ಕೊಡುತ್ತಿದ್ದದ್ದು ಅವನಿಗೆ ಬಿಡುಗಡೆಯಾಗಿತ್ತು.

ಆಮೇಲೆ ಬರೆದ ಗುರಿ ಹೀಗಿತ್ತು: 'ಬೋರ್ಡ್ ನೋಡಿ ಬರೆಯುವ 40 ನಿಮಿಷದಲ್ಲಿ ಕಷ್ಟವಾದಾಗ ಪುಟ್ಟ ಕೆಂಪು ರಟ್ಟು ಎತ್ತಿ ತೋರಿಸುತ್ತಾನೆ. ಹೇಳದೆ ಏಳುವುದು 7 ಸಲಕ್ಕಿಂತ ಜಾಸ್ತಿ ಇರುವುದಿಲ್ಲ. ವಾರದ 5 ದಿನದಲ್ಲಿ 4 ದಿನ ಹೀಗೆ ನಡೆಯಬೇಕು.' ಇದಾದ ಮೇಲೆ 5, ಆಮೇಲೆ 3. ಹನ್ನೊಂದರಿಂದ ಸೊನ್ನೆಗೆ ಯಾವ ಮಗುವೂ ಇಳಿಯಲ್ಲ. ಏಳಬೇಡ ಅಂದರೆ ಸಾಲದು, ಏಳುವ ಬದಲು ಏನು ಮಾಡಬೇಕು ಅನ್ನೋದೂ ಅಲ್ಲಿರಬೇಕು. ಕೆಂಪು ರಟ್ಟು ಇದ್ದದ್ದು ಅದಕ್ಕೇ.

ಅದೇ ಹಾಳೆಯಲ್ಲಿ ದೊಡ್ಡವರು ಮಾಡಬೇಕಾದ್ದನ್ನೂ ಬರೆದೆವು. ನನ್ನ ಮಟ್ಟಿಗೆ ಇದೇ ಮುಖ್ಯ. ಟೀಚರ್ ಮೂರು ಸಾಲು ಮಾತ್ರ ಚೀಟಿಯಲ್ಲಿ ಬರೆದು ಅವನ ಡೆಸ್ಕಿನ ಮೇಲೆ ಇಡಬೇಕು, ಅವನು ಬೋರ್ಡ್ ನೋಡೋದು ಬೇಡ. ರಟ್ಟು ಎತ್ತಿದರೆ ಒಂದು ನಿಮಿಷದೊಳಗೆ ಹತ್ತಿರ ಹೋಗಬೇಕು. ನೀರು ಕುಡಿದು ಬರೋಕೆ ಎರಡು ನಿಮಿಷ ಬಿಡಬೇಕು. ಹೊಂಗೆ ಮರ ಬಂದ್. ಅಕ್ಷರಗಳನ್ನು ಮೊದಲಿಂದ ಕಲಿಸೋದು, ಪ್ರತಿ ಶುಕ್ರವಾರ ಬಂದು ಲೆಕ್ಕ ನೋಡೋದು ನನ್ನ ಕೆಲಸ. ಅಮ್ಮ ಸಂಜೆ 'ಇವತ್ತು ಏನು ಗಲಾಟೆ ಮಾಡಿದೆ?' ಅಂತ ಕೇಳಬಾರದು. ಒಂದೊಂದು ಕೆಲಸದ ಮುಂದೆ ಒಬ್ಬೊಬ್ಬರ ಸಹಿ. ಮಗು ಬದಲಾಗಬೇಕು ಅಂತ ಮಾತ್ರ ಇದ್ದು, ದೊಡ್ಡವರು ಏನು ಮಾಡುತ್ತಾರೆ ಅಂತ ಇಲ್ಲದ ಹಾಳೆ ಬೆದರಿಕೆಯೇ ಹೊರತು ಯೋಜನೆ ಅಲ್ಲ. ನಿಮ್ಮ ಕೈಯಲ್ಲಿರುವುದು ಅಂಥ ಹಾಳೆ.

ನಾಲ್ಕು ದಿನ ಗುರಿ ಮುಟ್ಟಿದರೆ ಏನು ಬೇಕು ಅಂತ ಪುಟ್ಟನನ್ನೇ ಕೇಳಿದೆವು. ಚಾಕೊಲೇಟ್ ಕೇಳುತ್ತಾನೆ ಅಂದುಕೊಂಡಿದ್ದೆ. ಶುಕ್ರವಾರ ಸಂಜೆಯ ಲಾಂಗ್ ಬೆಲ್ ತಾನೇ ಹೊಡೆಯಬೇಕು ಅಂದ. ಒಂದು ಮಾತು ನೆನಪಿಡಿ: ಗಳಿಸಿದ ಬಹುಮಾನವನ್ನು ಸಂಜೆ ತಪ್ಪು ಮಾಡಿದ ಅಂತ ಕಿತ್ತುಕೊಳ್ಳಬೇಡಿ. ಹಾಗೆ ಮಾಡಿದರೆ ಮಗು ಮತ್ತೆ ನಂಬಲ್ಲ.

ಎರಡನೇ ವಾರ ಲೆಕ್ಕ 14ಕ್ಕೆ ಏರಿತು. ಟೀಚರ್ ಬಿಟ್ಟೇಬಿಡೋಣ ಅಂದರು. ಹಳೆಯ ದಾರಿ ಮುಚ್ಚಿದಾಗ ಮಕ್ಕಳು ಕೆಲವು ದಿನ ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತಾರೆ. ಹೆಚ್ಚಿನವರು ಕೈಬಿಡೋದು ಈ ವಾರದಲ್ಲೇ. ನಾವು ಬಿಡಲಿಲ್ಲ. ಐದನೇ ವಾರಕ್ಕೆ 4. ದಸರಾ ರಜೆ ಮುಗಿಸಿ ಬಂದ ಮೇಲೆ ಮತ್ತೆ 8. ಚೀಟಿ, ರಟ್ಟು ಎಲ್ಲ ಮೊದಲಿಂದ ಶುರು ಮಾಡಿದೆವು, ನವೆಂಬರ್ ಹೊತ್ತಿಗೆ 3ಕ್ಕೆ ನಿಂತಿತು.

ನಿಮ್ಮ ಮಗನದ್ದೂ ಇದೇ ಕಾರಣ ಇರಬೇಕು ಅಂತಿಲ್ಲ. ಕೆಲವು ಮಕ್ಕಳಿಗೆ ಯಾರಾದರೂ ತಮ್ಮ ಕಡೆ ನೋಡಬೇಕು, ಕೆಲವರಿಗೆ ಒಂದು ವಸ್ತು ಬೇಕು, ಕೆಲವರಿಗೆ ಸದ್ದು ತಡೆಯೋಕಾಗಲ್ಲ. ಎಣಿಸದೆ ಗೊತ್ತಾಗಲ್ಲ. ಪ್ರತಿ ಸಲ ಅವನು ಹಾಗೆ ಮಾಡೋದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಆಮೇಲೆ ಅವನಿಗೆ ಏನು ಸಿಕ್ಕಿತು ಅಂತ ಎರಡು ಪದ ಬರೆದಿಟ್ಟರೆ ಸಾಕು. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ತಳ್ಳೋದರಿಂದ ಬೇರೆ ಮಕ್ಕಳಿಗೆ ಪೆಟ್ಟಾಗುತ್ತದೆ, ಅದನ್ನೇ ಮೊದಲು ತೆಗೆದುಕೊಳ್ಳಿ.

ಓದು, ಮಾತು, ಗಮನದಲ್ಲಿ ಏನಾದರೂ ತೊಂದರೆ ಇರಬಹುದು ಅನ್ನಿಸಿದರೆ ತಡ ಮಾಡಬೇಡಿ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಎರಡರಲ್ಲೂ ನೋಡುತ್ತಾರೆ. ನಿಮ್ಮ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ (ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು) ಯಾರು ಅಂತ ಕೇಳಿ. ಅವರು ನನ್ನ ಹಾಗೆ ಇದೇ ಕೆಲಸ ಮಾಡುವವರು.

ಸೋಮವಾರ ಟೀಚರ್ ಹತ್ತಿರ ಹೋದಾಗ ದೂರಬೇಡಿ. ಅವರಿಗೂ ಸಾಕಾಗಿರುತ್ತದೆ. 'ಐದು ದಿನ ಇದೊಂದನ್ನು ಎಣಿಸಿ ಕೊಡುತ್ತೀರಾ, ಆಮೇಲೆ ಇಬ್ಬರೂ ಕೂತು ಹೊಸ ಹಾಳೆ ಬರೆಯೋಣ' ಅಂತ ಕೇಳಿ. ಲೋಟ, ಬೀಜ ನೀವೇ ತೆಗೆದುಕೊಂಡು ಹೋಗಿ. ಲೆಕ್ಕ ಬಂದ ಮೇಲೆ ಇಲ್ಲಿ ಬರೆಯಿರಿ, ಗುರಿಯ ಮೊದಲ ಸಾಲು ಒಟ್ಟಿಗೆ ಬರೆಯೋಣ.