ರೈಟಾ, ಹೋಲ್ಡಾನಾ?

ಕರಾವಳಿ ಕಡೆಯಿಂದ ಮೊಳಕಾಲ್ಮೂರಿಗೆ ಟೀಚರ್ ಆಗಿ ಬರ್ತಾ ಇದ್ದೀರಿ, ಸಂತೋಷ. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡದ ಪೂರ್ಣ ವಾಕ್ಯ, ಅಪೂರ್ಣ ವಾಕ್ಯ ಹೇಗೆ ಕಲಿಸ್ತೀರಿ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ 'ಪಾಪ' ಅನ್ನೋ ಧಾಟಿ ಸ್ವಲ್ಪ ಇದೆ. ಅದನ್ನು ಬರುವಾಗ ದಾರಿಯಲ್ಲೇ ಬಿಟ್ಟು ಬನ್ನಿ. ಈ ಪಾಠದಲ್ಲಿ ನನ್ನ ಕೈ ಹಿಡಿದಿದ್ದೇ ಆ ತೆಲುಗು.

ನಮ್ಮ ಜಿಲ್ಲೆ ಚಿತ್ರದುರ್ಗ. ಆದರೆ ನಮಗೆ ಹತ್ತಿರ ಇರೋದು ರಾಯದುರ್ಗ. 1953ರಲ್ಲಿ ಹಳೇ ಬಳ್ಳಾರಿ ಜಿಲ್ಲೆ ಹಂಚುವಾಗ ರಾಯದುರ್ಗ ತಾಲೂಕು ಆಂಧ್ರಕ್ಕೆ ಹೋಯಿತು. ಹೆಣ್ಣು ಕೊಡೋದು, ತರೋದು ಮಾತ್ರ ನಿಲ್ಲಲಿಲ್ಲ. ಹಾಗಾಗಿ ಒಂದೇ ಮನೆಯಲ್ಲಿ ಅಜ್ಜಿ ಜೊತೆ ತೆಲುಗು, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ.

ಮೊದಲು ನನ್ನ ಆಟ ಹೇಳ್ತೀನಿ. ಬಸ್ಸಿನ ಕಂಡಕ್ಟರ್ ಆಟ. ಬೋರ್ಡ್ ಮೇಲೆ ಒಂದು ಸಾಲು ಬರೆಯುತ್ತೇನೆ. ಮಾತು ಮುಗಿದಿದ್ದರೆ ಮಕ್ಕಳು "ರೈಟ್!" ಅನ್ನಬೇಕು. ಇನ್ನೂ ಯಾರೋ ಹತ್ತೋದು ಬಾಕಿ ಇದೆ ಅನ್ನಿಸಿದರೆ "ಹೋಲ್ಡಾನ್!" "ನಾಯಿ ಬೊಗಳಿತು." ರೈಟ್. "ಮಳೆ ಬಂದರೆ." ಹೋಲ್ಡಾನ್. "ಶೇಂಗಾ ಬಿಡಿಸುವಾಗ." ಹೋಲ್ಡಾನ್. ಇಷ್ಟಕ್ಕೆ ಯಾವ ವ್ಯಾಕರಣವೂ ಬೇಡ, ಕಿವಿ ಸಾಕು. ಮೂರನೇ ಕ್ಲಾಸಿನವರು ಒಂದೇ ದಿನದಲ್ಲಿ ಹಿಡಿದುಬಿಡುತ್ತಾರೆ. ತೆಲುಗಿನಲ್ಲೂ ಕ್ರಿಯಾಪದ ಕೊನೆಗೇ ಬರೋದು, ಬಾಲ ಕತ್ತರಿಸಿದರೆ ಅಲ್ಲೂ ಮಾತು ಜೋತಾಡುತ್ತೆ.

ಒಂದು ದಿನ ಹೀಗೆ ಬರೆದೆ: "ಅಮ್ಮ ಸಂತೆಗೆ ಹೋಗಿ".

ಅರ್ಧ ಕ್ಲಾಸು ರೈಟ್ ಅಂತು, ಅರ್ಧ ಹೋಲ್ಡಾನ್ ಅಂತು. ನಾನೇ ಬೋರ್ಡ್ ಕಡೆ ತಿರುಗಿ ಇನ್ನೊಂದು ಸಲ ಓದಿಕೊಂಡೆ. ಇಬ್ಬರದೂ ಸರಿ! ಅಮ್ಮ ಸಂತೆಗೆ ಹೋಗಿ ಏನೋ ತಂದಳು ಅಂತ ಮುಂದುವರಿಯಬೇಕಾದರೆ ಅದು ಅರ್ಧ. ಅಮ್ಮನಿಗೇ "ಸಂತೆಗೆ ಹೋಗಿ" ಅಂತ ಹೇಳ್ತಾ ಇದ್ದರೆ ಅದು ಪೂರ್ತಿ. ಹಿಂದಿನ ಬೆಂಚಿನ ಒಬ್ಬ ಎದ್ದು, "ನಮ್ಮಮ್ಮನಿಗೆ ಯಾರು ಸಾರ್ ಹೋಗಿ ಅಂತಾರೆ? ಹೋಗು ಅಂತೀವಿ" ಅಂದ. ಅದೂ ಸರಿಯೇ.

ಹೋಗಿ, ಮಾಡಿ, ನೋಡಿ, ಓದಿ, ಹಾಕಿ ಎಲ್ಲವೂ ಹೀಗೆ ಎರಡು ದೋಣಿಗೆ ಕಾಲಿಡುವ ಪದಗಳು. 'ಬರೆದು', 'ಕರೆದು' ಥರದವಕ್ಕೆ ಈ ತೊಂದರೆ ಇಲ್ಲ, ಮರ್ಯಾದೆಯಿಂದ ಹೇಳುವಾಗ ಅವು ಬರೆಯಿರಿ, ಕರೆಯಿರಿ ಆಗುತ್ತವೆ. ದಾವಣಗೆರೆ ಕಡೆಯ ನನ್ನ ಸಹೋದ್ಯೋಗಿ ನಕ್ಕುಬಿಟ್ಟರು: "ನಮ್ಮಂಗೆ ಹೋಗ್ರಿ, ಮಾಡ್ರಿ ಅನ್ನಿ, ಈ ರಗಳೆನೇ ಇರಲ್ಲ." ನಿಜ. ಆದರೆ ಪುಸ್ತಕದಲ್ಲಿ ಹಾಗೆ ಬರೆಯಲ್ಲವಲ್ಲ.

ದಾರಿ ತೋರಿಸಿದ್ದು ಒಬ್ಬ ಹುಡುಗಿ. ಅವಳು ಪಕ್ಕದವಳ ಕಿವಿಯಲ್ಲಿ ತೆಲುಗಿನಲ್ಲಿ ಹೇಳಿಕೊಳ್ತಾ ಇದ್ದಳು: "ಪೋಯಿ ಅಂಟೇ ಹೋಲ್ಡಾನ್, ಪೋಂಡಿ ಅಂಟೇ ರೈಟ್." ಕ್ಲಾಸಿನಲ್ಲಿ ತೆಲುಗು ಆಡಬೇಡಿ ಅಂತ ಗದರಿಸೋ ಕಾಲವೊಂದಿತ್ತು, ಅದನ್ನು ನಾನೂ ಮಾಡಿದ್ದೇನೆ. ಅವತ್ತು ಬಾಯಿ ಮುಚ್ಚಿಕೊಂಡು ಕೇಳಿದೆ. ತೆಲುಗಿನಲ್ಲಿ 'ಮಾಡಿ ಮುಂದೆ ಹೋಗು' ಅನ್ನೋದಕ್ಕೆ ಚೇಸಿ, 'ದಯವಿಟ್ಟು ಮಾಡಿ' ಅನ್ನೋದಕ್ಕೆ ಚೇಯಂಡಿ. ಕನ್ನಡ ಒಂದೇ ಪದದಲ್ಲಿ ಕಟ್ಟಿಟ್ಟಿದ್ದನ್ನು ತೆಲುಗು ಎರಡಾಗಿ ಬಿಡಿಸಿ ಕೊಡುತ್ತದೆ. ಅನುಮಾನ ಬಂದರೆ ಒಂದು ಸಲ ಮನೆ ಮಾತಿನಲ್ಲಿ ಹೇಳಿಕೊಳ್ಳಿ ಅಂತ ಈಗ ನಾನೇ ಹೇಳ್ತೀನಿ.

ಇನ್ನೊಂದು ಇದಕ್ಕಿಂತ ಚೆನ್ನಾಗಿದೆ. "ಅಣ್ಣ ತಂದ" ಅಂತ ಬರೆದೆ. ಎಲ್ಲರೂ ರೈಟ್. ಅಳಿಸದೆ ಪಕ್ಕದಲ್ಲೇ ಸೇರಿಸಿದೆ: "ಅಣ್ಣ ತಂದ ಮಾವಿನಹಣ್ಣು". ಒಂದು ಕ್ಷಣ ಸದ್ದಿಲ್ಲ, ಆಮೇಲೆ ಹೋಲ್ಡಾನ್. ಪದ ಸೇರಿಸಿದರೆ ವಾಕ್ಯ ತುಂಬಬೇಕು, ಅಲ್ವಾ? ಇಲ್ಲಿ ತುಂಬಿದ್ದ ಬಸ್ಸು ಖಾಲಿ ಆಯಿತು. ಇಲ್ಲೂ ತೆಲುಗು ಬೇರೆ ಬೇರೆ ಮಾಡಿ ಇಡುತ್ತೆ: ತಂದು ಮುಗಿಸಿದ್ದಕ್ಕೆ ನಮ್ಮ ಕಡೆ ತೆಚ್ಚಿನಾಡು, ಹಣ್ಣಿಗೆ ಅಂಟಿಕೊಂಡ 'ತಂದ'ಕ್ಕೆ ತೆಚ್ಚಿನ. ಪುಸ್ತಕದ 'ತಂದನು' ಯಾಕೆ ಬೇಕು ಅಂತ ಮಕ್ಕಳಿಗೆ ಅವತ್ತು ಗೊತ್ತಾಯಿತು. ಸುಮ್ನೆ ದೊಡ್ಡವರ ಮಾತು ಅಂದುಕೊಂಡಿದ್ದರು.

ಈಗ ನನ್ನ ತಪ್ಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲಿಂದಲೋ ಒಂದು ಜೆರಾಕ್ಸ್ ಹಾಳೆ ಸಿಕ್ಕಿತ್ತು. 'ಯಾರು' ಮತ್ತು 'ಏನು ಮಾಡಿದರು', ಎರಡೂ ಇದ್ದರೆ ಮಾತ್ರ ಪೂರ್ಣ ವಾಕ್ಯ ಅಂತ ಅದರಲ್ಲಿತ್ತು. ಇಂಗ್ಲಿಷ್ ಪಾಠದ ನಿಯಮವನ್ನು ಹಾಗೇ ಕನ್ನಡಕ್ಕೆ ಇಳಿಸಿದ್ದರು. ನಾನು ಕಣ್ಣು ಮುಚ್ಚಿ ನಂಬಿದೆ. ಒಬ್ಬ ಹುಡುಗಿ "ನಮ್ಮಪ್ಪ ನೇಕಾರ." ಅಂತ ಬರೆದಿದ್ದಳು. ಕ್ರಿಯಾಪದ ಇಲ್ಲ ಅಂತ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದೆ. ಅವಳು ಪುಸ್ತಕ ಹಿಡಿದುಕೊಂಡು ಬಂದು, "ಮತ್ತೆ ನಮ್ಮಪ್ಪ ಏನು ಸಾರ್?" ಅಂದಳು. ರೇಷ್ಮೆ ಸೀರೆಯ ಊರಿನಲ್ಲಿ ನೇಕಾರನ ಮಗಳಿಗೆ ನಾನು ಹೇಳಿದ್ದು, 'ನೇಕಾರ ಆಗಿದ್ದಾರೆ ಅಂತ ಬರಿ'. ನೆನೆದರೆ ಈಗಲೂ ನಾಚಿಕೆ. ನಮ್ಮಲ್ಲಿ ಹೆಸರು ಪದವೇ ಮಾತು ಮುಗಿಸುತ್ತದೆ. ಇನ್ನೊಂದು ಕಡೆ 'ಯಾರು' ಅನ್ನೋದೇ ಬೇಕಿಲ್ಲ. "ಬಂದೆವು." ಅಷ್ಟೇ ಸಾಕು, ಬಂದಿದ್ದು ನಾವು ಅಂತ ಕೊನೆಯ 'ಎವು' ಹೇಳುತ್ತೆ. ಆದರೆ "ಬರಲಿಲ್ಲ" ಅನ್ನೋದು ನಾನು, ನೀನು, ಅವನು ಎಲ್ಲರಿಗೂ ಒಂದೇ. ಹಾಜರಿ ಕರೆಯುವಾಗ ಖಾಲಿ ಜಾಗ ತೋರಿಸಿ "ಬರಲಿಲ್ಲ ಸಾರ್" ಅಂದರೆ ನಡೆಯುತ್ತೆ. ಚೀಟಿಯಲ್ಲಿ ಬರೆದರೆ ಹೆಸರು ಬೇಕು.

ಕ್ರಿಯಾಪದ ಇಲ್ಲದ ಮಾತಿಗೆ ನಾನು ಈಗ ಕೊಡುವ ಉದಾಹರಣೆ ಬ್ರಹ್ಮಗಿರಿಯದು. ನಮ್ಮ ತಾಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿಕೊಂಡಿದ್ದಾನೆ: ಲಿಪಿಕಾರ ಚಪಡ ಬರೆದದ್ದು. 'ಲಿಪಿಕಾರ' ಅನ್ನೋ ಪದ ಮಾತ್ರ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಮನೆಯಲ್ಲಿ ಒಂದು, ಸ್ಕೂಲಿನಲ್ಲಿ ಒಂದು ಅಂತ ಬೆಳೆಯುವ ನಮ್ಮ ಮಕ್ಕಳಿಗೆ ಚಪಡ ಬಹಳ ಇಷ್ಟ. "ಲಿಪಿಕಾರ ಚಪಡ ಬರೆದದ್ದು" ಅಂತ ಬೋರ್ಡ್ ಮೇಲೆ ಬರೆದರೆ ಒಂದೇ ದನಿಯಲ್ಲಿ ರೈಟ್. 'ಬರೆದದ್ದು' ಕ್ರಿಯಾಪದದ ಥರ ಕಂಡರೂ ಇಲ್ಲಿ ಹೆಸರು ಪದವೇ.

ನಿಮಗೆ ಜಾಸ್ತಿ ಕಷ್ಟ ಆಗೋದು ಬೇರೆ ಕಡೆ. ನಾಯಕನಹಟ್ಟಿ ಜಾತ್ರೆ ಆದ ವಾರ ಬೇಕಾದರೆ ಪ್ರಬಂಧ ಬರೆಸಿ ನೋಡಿ. ನಾಲ್ಕನೇ ಕ್ಲಾಸಿನ ಒಬ್ಬ ಒಂದು ಪುಟ ತುಂಬಾ ಬರೆದಿದ್ದ. ಬೆಳಿಗ್ಗೆ ಎದ್ದು, ಟ್ರ್ಯಾಕ್ಟರ್ ಹತ್ತಿ, ಹಟ್ಟಿಗೆ ಹೋಗಿ, ಕೊಬ್ಬರಿ ಸುಟ್ಟು, ತೇರು ನೋಡಿ, ಮಂಡಕ್ಕಿ ಮಿರ್ಚಿ ತಿಂದು, ಪೀಪಿ ತಗೊಂಡು, ಅದನ್ನು ತಂಗಿ ಮುರಿದು, ಅತ್ತು, ಮನೆಗೆ ಬಂದು, ಮಲಗಿ. ಪುಟ ಅಲ್ಲಿಗೆ ಮುಗಿದಿತ್ತು. ಪೂರ್ಣವಿರಾಮ ದುಂಡಗೆ, ದಪ್ಪಗೆ ಇಟ್ಟಿದ್ದ.

"ಹೋಲ್ಡಾನ್. ಮಲಗಿ ಏನಾಯ್ತು?" ಅಂತ ಕೇಳಿದೆ.

"ನಿದ್ದೆ ಬಂತು ಸಾರ್."

"ಅದನ್ನೇ ಬರಿ."

ಜಾಗ ಇರಲಿಲ್ಲ. ಹಾಳೆ ತಿರುಗಿಸಿ, ಹಿಂದುಗಡೆ ಆ ಎರಡೇ ಪದ ಬರೆದುಕೊಂಡು ಬಂದ.