ಕಡತ ಮಾಯವಾದಾಗ, ಡಿಸ್ಕ್ ಮುನಿದಾಗ

ಪ್ರಶ್ನೆ: ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಕೈತಪ್ಪಿ ಡಿ ಡ್ರೈವ್ ಫಾರ್ಮ್ಯಾಟ್ ಆಯಿತು. ಕಳೆದ ಫೈಲು ಹೆಕ್ಕುವ ಫೋಟೊರೆಕ್ ತಂತ್ರಾಂಶ ಹಾಕಿ ಒಂದಷ್ಟು ವರ್ಡ್ ಫೈಲು ತೆಗೆದೆ. ಹೆಸರೆಲ್ಲ ಹೋಗಿವೆ, ತೆರೆದರೆ ಕನ್ನಡದ ಬದಲು ವಿಚಿತ್ರ ಇಂಗ್ಲಿಷ್ ಅಕ್ಷರ. ಎಲ್ಲ ಕೆಟ್ಟಂತೆಯೇ?
– ಓದುಗರು, ಗದಗ

ಉತ್ತರ: ಕೆಟ್ಟಿರಲಿಕ್ಕಿಲ್ಲ. ಯುನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಇರುವುದೇ ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟು. ಹಳೆಯ ನುಡಿ ಇನ್‌ಸ್ಟಾಲ್ ಮಾಡಿ, ಇಡೀ ಪಠ್ಯ ಆಯ್ದು ‘ನುಡಿ 01 ಇ’ ಕೊಟ್ಟು ನೋಡಿ. ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಆ ಅಕ್ಷರಗಳು ಕನ್ನಡವಾದರೆ ಫೈಲು ಸರಿಯಾಗಿದೆ; ಆಮೇಲೆ ನಿಧಾನವಾಗಿ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಹೆಸರು ಹೋಗಿದ್ದು ಫೋಟೊರೆಕ್‌ನ ಸ್ವಭಾವದಿಂದ. ಅದು ಫೋಲ್ಡರ್ ಪಟ್ಟಿ ನೋಡುವುದೇ ಇಲ್ಲ, ಫೈಲಿನ ಮೊದಲ ಬೈಟುಗಳ ಗುರುತು ಹಿಡಿದು ಹೆಕ್ಕುತ್ತದೆ. ಡಿಸ್ಕಿನಲ್ಲಿ ತುಂಡುತುಂಡಾಗಿ ಬರೆದಿದ್ದ ದೊಡ್ಡ ಫೈಲು ಅದಕ್ಕೆ ಅರೆಬರೆಯೇ ಸಿಗುವುದು. ಆದ್ದರಿಂದ ಅದು ಕೊನೆಯ ಉಪಾಯವಾಗಿರಬೇಕು. ಮೊದಲು ಡಿಎಂಡಿಇ ಥರದ, ಎನ್‌ಟಿಎಫ್‌ಎಸ್‌ನ (ವಿಂಡೋಸ್ ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ವ್ಯವಸ್ಥೆ) ಹಳೆಯ ಎಂಎಫ್‌ಟಿ, ಅಂದರೆ ಫೈಲುಗಳ ಪಟ್ಟಿಯ, ದಾಖಲೆಗಳನ್ನು ಹುಡುಕುವ ತಂತ್ರಾಂಶದಿಂದ ಸ್ಕ್ಯಾನ್ ಮಾಡಿ. ಕ್ವಿಕ್ ಫಾರ್ಮ್ಯಾಟ್ ಆ ಪಟ್ಟಿಯನ್ನು ಪೂರ್ತಿ ಅಳಿಸುವುದಿಲ್ಲ, ಹೆಸರು, ಫೋಲ್ಡರು ಸಮೇತ ಬಹಳಷ್ಟು ಮರಳಬಹುದು. ಫಾರ್ಮ್ಯಾಟ್ ಕೆಲವೇ ಸೆಕೆಂಡಿನಲ್ಲಿ ಮುಗಿದಿದ್ದರೆ ಅದು ಕ್ವಿಕ್. ಗಂಟೆಗಟ್ಟಲೆ ನಡೆದಿದ್ದರೆ ಆಸೆ ಬಿಡಿ: ವಿಸ್ಟಾದಿಂದೀಚೆಗೆ ಪೂರ್ಣ ಫಾರ್ಮ್ಯಾಟ್ ಡಿಸ್ಕಿನ ತುಂಬ ಸೊನ್ನೆ ಬರೆಯುತ್ತದೆ.

ಒಂದು ಮಾತು: ತೆಗೆದ ಫೈಲುಗಳನ್ನು ಅದೇ ಡಿಸ್ಕಿಗೆ ಉಳಿಸಿದ್ದರೆ ಈಗಲೇ ನಿಲ್ಲಿಸಿ. ಒಂದೊಂದು ಫೈಲು ಉಳಿಸಿದಾಗಲೂ ಇನ್ನೂ ಸಿಗದ ಇನ್ಯಾವುದೋ ಫೈಲು ಅದರಡಿ ಹೂತುಹೋಗುತ್ತದೆ. ಅಷ್ಟೇ ಅಳತೆಯ ಬೇರೆ ಡಿಸ್ಕ್ ತಂದುಕೊಳ್ಳಿ.

ಪ್ರಶ್ನೆ: ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ‘ಟಕ್ ಟಕ್’ ಅನ್ನುತ್ತಿದೆ, ಕಂಪ್ಯೂಟರಿಗೆ ಕಾಣುತ್ತಿಲ್ಲ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದಂತೆ, ಹೌದೆ?
– ಓದುಗರು, ಪುತ್ತೂರು

ಉತ್ತರ: ಇಡಬೇಡಿ. ಹೊರತೆಗೆದ ಕೂಡಲೇ ಒಳಗಿನ ತಟ್ಟೆಯ ಮೇಲೆ ತೇವ ಕೂರುತ್ತದೆ.

ಮೊದಲು ಕೇಬಲ್ ಬದಲಿಸಿ. 2.5 ಇಂಚಿನ ಡಿಸ್ಕಿಗೆ ಯುಎಸ್‌ಬಿಯೇ ಕರೆಂಟು. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಕರೆಂಟು ಸಾಲದಿದ್ದಾಗಲೂ ಇದೇ ಸದ್ದು ಬರುತ್ತದೆ. ಆದ್ದರಿಂದ ಹಬ್ ತೆಗೆದು, ಸಿಪಿಯುವಿನ ಹಿಂದಿನ ನೀಲಿ ಪೋರ್ಟಿಗೆ ನೇರವಾಗಿ ಚುಚ್ಚಿ ಒಮ್ಮೆ ನೋಡಿ. ಆಗಲೂ ಟಕ್ ಟಕ್ ಅಂದರೆ ತಟ್ಟೆಯಿಂದ ಮಾಹಿತಿ ಓದುವ ಹೆಡ್ ಹೋಗಿದೆ ಎಂದೇ ತಿಳಿದು ಆಫ್ ಮಾಡಿ. ಕೆಟ್ಟ ಹೆಡ್ ತಟ್ಟೆಯನ್ನು ಗೀರಿದರೆ ಲ್ಯಾಬಿನವರೂ ಏನೂ ಮಾಡಲಾರರು. ಮುಚ್ಚಳ ಬಿಚ್ಚಬೇಡಿ. ಅದೇ ಮಾಡೆಲ್ಲಿನ ಬೋರ್ಡ್ ತಂದು ಕೂರಿಸುವ ಸಾಹಸವೂ ಬೇಡ. ಆ ಡಿಸ್ಕಿಗಷ್ಟೇ ಹೊಂದುವ ಮಾಹಿತಿ ಹಳೆಯ ಬೋರ್ಡಿನ ‘ಆರ್‌ಒಎಂ’ (ROM) ಚಿಪ್‌ನಲ್ಲಿ ಇರುತ್ತದೆ.

ಸದ್ದಿಲ್ಲದೆ ಬರೀ ನಿಧಾನವಾಗಿದ್ದರೆ ಕಥೆ ಬೇರೆ. ವಿಂಡೋಸಿನ ಡಿಸ್ಕ್ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸಬೇಡಿ, ಅದು ನರಳುವ ಡಿಸ್ಕಿನ ಮೇಲೇ ತಿದ್ದಿ ಬರೆಯುತ್ತದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಪ್ರತಿ ತೆಗೆಯಿರಿ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲಾಗುವುದನ್ನೆಲ್ಲ ಬಾಚಿಕೊಂಡು, ಕೆಟ್ಟ ಜಾಗಗಳನ್ನು ಹಾರಿ, ಅವಕ್ಕೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ಮಧ್ಯೆ ಕರೆಂಟು ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಆಜ್ಞೆಯಲ್ಲಿ ಮೊದಲು ಹಳೆಯ ಡಿಸ್ಕ್, ಆಮೇಲೆ ಹೊಸದು. ತಿರುಗುಮುರುಗಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕನ್ನು ಒರೆಸಿಹಾಕುತ್ತದೆ. ಹುಡುಕಾಟವೇನಿದ್ದರೂ ಆ ಪ್ರತಿಯ ಮೇಲೆ.

ಪ್ರಶ್ನೆ: ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಲ್ಲಿ ಶಿಫ್ಟ್ ಡಿಲೀಟ್ ಮಾಡಿದ ಫೈಲು ಬೇಕು.
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಹುಮಟ್ಟಿಗೆ ಸಿಗದು. ಅಳಿಸಿದ ಕೂಡಲೇ ವಿಂಡೋಸ್ ‘ಟ್ರಿಮ್’ ಆಜ್ಞೆ ಕಳಿಸುತ್ತದೆ, ಎಸ್‌ಎಸ್‌ಡಿ ಆ ಜಾಗವನ್ನು ತಾನೇ ಬರಿದು ಮಾಡಿಕೊಳ್ಳುತ್ತದೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಮೊದಲು ಕಳಿಸಿದ ಇಮೇಲ್, ವಾಟ್ಸ್‌ಆ್ಯಪ್, ಗೂಗಲ್ ಡ್ರೈವಿನ ಕಸದಬುಟ್ಟಿ ನೋಡಿ. ಬುಟ್ಟಿಯಲ್ಲಿ 30 ದಿನ ಇರುತ್ತದೆ.

ಪ್ರಶ್ನೆ: ಡಿಸ್ಕ್ ಹೋಗುವ ಮುನ್ಸೂಚನೆ ಸಿಗುತ್ತದೆಯೇ? ಬ್ಯಾಕಪ್ ಹೇಗಿರಬೇಕು?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಕೆಲವೊಮ್ಮೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ 05, ಸಿ5, ಸಿ6 ಸಾಲುಗಳ ಕಚ್ಚಾ ಮೌಲ್ಯ ಸೊನ್ನೆಯೇ ಇರಬೇಕು. ಸಿ5 ಎಂದರೆ ಓದಲಾಗದೆ ಕಾಯುತ್ತಿರುವ ಸೆಕ್ಟರುಗಳು (ಡಿಸ್ಕಿನ ಚಿಕ್ಕ ತುಣುಕುಗಳು). ಈ ಅಂಕಿ ವಾರದಿಂದ ವಾರಕ್ಕೆ ಏರಿದರೆ ಹೊಸ ಡಿಸ್ಕ್ ಕೊಳ್ಳಿ. ಸಿ7 ಮಾತ್ರ ಏರಿದರೆ ಸಾಮಾನ್ಯವಾಗಿ ತಪ್ಪು ಕೇಬಲ್ಲಿನದು. ಆದರೆ ಎಲ್ಲ ಸೊನ್ನೆ ಇದ್ದೂ ಒಂದು ಬೆಳಿಗ್ಗೆ ಏಳದ ಡಿಸ್ಕುಗಳುಂಟು.

ಅದಕ್ಕೇ 3-2-1: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ನಿಮಗೆ ಎರಡು ಎಕ್ಸ್‌ಟರ್ನಲ್ ಡಿಸ್ಕ್ ಮತ್ತು ಕ್ಲೌಡಿನಲ್ಲಿ ಒಂದು ಪ್ರತಿ ಸಾಕು. ಡಿಸ್ಕುಗಳನ್ನು ವಾರ ಬಿಟ್ಟು ವಾರ ಬಳಸಿ, ಕೆಲಸ ಮುಗಿದ ಮೇಲೆ ಕಳಚಿಡಿ. ಚುಚ್ಚಿಯೇ ಇಟ್ಟರೆ ಸಿಡಿಲಿಗೂ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರಿಗೂ ಅದೂ ಬಲಿ. ಸಿಂಕ್ ಆಗುವ ಫೋಲ್ಡರೊಂದನ್ನೇ ನೆಚ್ಚಬೇಡಿ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ‘2 ಟಿಬಿ’ ಪೆನ್‌ಡ್ರೈವ್ ನಕಲಿ. ಅಳತೆ ಮೀರಿದ ಮೇಲೆ ಬರೆದಿದ್ದೆಲ್ಲ ಕಳೆದುಹೋಗುತ್ತದೆ.

ವಿಂಡೋಸ್ 11 ಲ್ಯಾಪ್‌ಟಾಪಾದರೆ, ಡಿಸ್ಕಿನ ಮಾಹಿತಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ತಾನಾಗಿಯೇ ಚಾಲೂ ಆಗಿರಬಹುದು. ಅದರ 48 ಅಂಕಿಯ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಲ್ಲಿ ನೋಡಿ ಕಾಗದದ ಮೇಲೆ ಬರೆದು, ಪಾಸ್‌ಬುಕ್ ಇಡುವ ಕಡೆ ಇಡಿ. ಅದಿಲ್ಲದೆ ಆ ಡಿಸ್ಕನ್ನು ಯಾವ ಲ್ಯಾಬಿಗೆ ಒಯ್ದರೂ ಫೈಲು ಸಿಗದು.