ಪ್ರತಿಕ್ರಿಯೆ: ತಮ್ಮನ ಕರಾರಿಗೆ ಈ ವಾರವೇ ಸಹಿ ಹಾಕಬೇಕೇ?

ಉಪ್ಪಳದಿಂದ ಬರೆದವರೇ, ಫುಟ್‌ಬಾಲ್ ಆಡುವ ತಮ್ಮನಿಗೆ ಕ್ಲಬ್ಬಿನ ಜೊತೆಗಿರುವ ಕರಾರು ಮೇ 31ಕ್ಕೆ ಮುಗಿಯುತ್ತದೆ, ಕ್ಲಬ್ಬಿನವರು ಇನ್ನೆರಡು ವರ್ಷಕ್ಕೆ ಈ ವಾರವೇ ಸಹಿ ಕೇಳುತ್ತಿದ್ದಾರೆ ಎಂದಿದ್ದೀರಿ. ಅವಸರ ಬೇಡ ಮಾರಾಯ್ರೇ. ಫಿಫಾ ನಿಯಮದಂತೆ ಕರಾರಿನ ಕೊನೆಯ 6 ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ಬಿನ ಜೊತೆ ಮುಂದಿನ ಸೀಸನ್ನಿಗೆ ಸಹಿ ಹಾಕಬಹುದು. ಆ ಕ್ಲಬ್ ಮಾತುಕತೆಗೆ ಮೊದಲು ಈಗಿನವರಿಗೆ ಲಿಖಿತವಾಗಿ ತಿಳಿಸಬೇಕು, ಅಷ್ಟೇ. ಕರಾರು ಮುಗಿದರೆ ಈಗಿನ ಕ್ಲಬ್ಬಿಗೆ ವರ್ಗಾವಣೆ ಶುಲ್ಕ, ಅಂದರೆ ಆಟಗಾರನನ್ನು ಬಿಟ್ಟುಕೊಡಲು ಬೇರೆ ಕ್ಲಬ್ ಕೊಡುವ ದುಡ್ಡು, ಕೈತಪ್ಪುತ್ತದೆ. ಅವಸರ ಅದಕ್ಕೇ ಇರಬೇಕು.

ಸಂಬಳಕ್ಕಿಂತ ಮೊದಲು ಗಾಯದ ಷರತ್ತು ಓದಿ. ನನ್ನ ಅಣ್ಣನ ಮಗನಿಗೆ ಮೊಣಕಾಲಿನ ಲಿಗಮೆಂಟ್ ಹರಿದಾಗ, "ಚಿಕಿತ್ಸೆ ನಾವು ನೋಡಿಕೊಳ್ತೇವೆ" ಎಂದಿದ್ದ ಮ್ಯಾನೇಜರರ ಮಾತು ಕಾಗದದಲ್ಲಿ ಎಲ್ಲೂ ಇರಲಿಲ್ಲ. ಮಂಗಳೂರಿನ ಆಸ್ಪತ್ರೆ ಬಿಲ್ಲಿಗೆ ಅತ್ತಿಗೆ ಎರಡು ಬಳೆ ಅಡವಿಟ್ಟರು. ಆಪರೇಷನ್, ಫಿಸಿಯೋಥೆರಪಿ, ಆಡಲಾಗದ ತಿಂಗಳುಗಳ ಸಂಬಳ, ಮೂರೂ ಬರಹದಲ್ಲಿರಲಿ. ಬೋನಸ್ಸೂ ಹಾಗೆಯೇ.

ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಆಡಬಾರದೆಂದು ಕರಾರಿನಲ್ಲಿ ಬರೆದಿದ್ದರೆ, ತೃಕ್ಕರಿಪುರ ಕಡೆಯ ಪಂದ್ಯಗಳಲ್ಲಿ ಅವನಿಗೆ ಸಿಗುತ್ತಿದ್ದ ದುಡ್ಡನ್ನು ಲೆಕ್ಕ ಹಾಕಿ ಸಂಬಳದಲ್ಲೇ ಕೇಳಿ. ಹುಡುಗನಿಗೆ ಇನ್ನೂ 20. ನಾನಾಗಿದ್ದರೆ ಒಂದು ವರ್ಷಕ್ಕಷ್ಟೇ ಒಪ್ಪುತ್ತಿದ್ದೆ. ಸಹಿಯಾದ ಒಂದು ಪ್ರತಿ ಅಂದೇ ನಿಮ್ಮ ಕೈಗೆ ಬರಬೇಕು.